ಸೋಲುವುದನ್ನು ಬಿಟ್ಟ ಸೊಲಾಂಜ್

ದಾಳ ಹಿಡಿದರೆ ಸೊಲಾಂಜ್‌ಗೆ ಸೋಲೇ ಗತಿ ಎಂದು ಪಿಗಾಲ್ ಪೇಟೆಯ ನನ್ನ ಕೆಫೆಯ ಗಿರಾಕಿಗಳೆಲ್ಲ ನಂಬಿದ್ದರು. ನಂಬಲಿ ಎಂದು ನಾನೂ ಸುಮ್ಮನಿದ್ದೆ. ಕೆಫೆಯ ಕಟ್ಟೆಯ ಮೇಲೆ ಮೂರು ದಾಳ ಉರುಳಿಸಿ, ಸೋತವರು ಉಳಿದವರಿಗೆ ಕುಡಿಸುವುದು ನಮ್ಮಲ್ಲಿ ರೂಢಿ. ಬೇಕಾದ ದಾಳ ಬದಿಗಿಟ್ಟು ಉಳಿದದ್ದನ್ನು ಮತ್ತೆ ಎಸೆಯಬಹುದು. ಕೆಫೆಯವಳೇ ಗೆಲ್ಲುತ್ತಾ ಹೋದರೆ ಗಿರಾಕಿ ಎದುರಿನ ಕೆಫೆ ಸೇರುತ್ತಾನೆ. ಅದಕ್ಕೇ ಒಳ್ಳೆಯ ದಾಳ ಬಿದ್ದರೂ ಎತ್ತಿ ಮತ್ತೆ ಎಸೆದು ಹಾಳುಮಾಡಿಕೊಳ್ಳುತ್ತಿದ್ದೆ.

ಫಿರ್ಮೆನ್ ಹುಟ್ಟಾ ಜೂಜುಕೋರ. ಒಮ್ಮೆ ಜೈಲು ಕಂಡು ಬಂದವನು, ತಲೆ ನರೆತಿದೆ. ಆ ಬೆಳಿಗ್ಗೆ ಮೂಲೆಯ ಮೇಜಿನ ಮೇಲೆ ಸಮುದ್ರದ ಕಡೆಯ ಕ್ಯಾಸಿನೊ ಒಂದರ ನಕ್ಷೆ ಹರಡಿಕೊಂಡಿದ್ದ. ಪಕ್ಕದಲ್ಲಿ ಅವನ ಕಾರು ಓಡಿಸುವ ಮಾರ್ಸೋ. ಸಂಜೆಗೆ ದರೋಡೆ. ಈ ಸಲ ಸಿಕ್ಕಿಬಿದ್ದರೆ ಜೈಲಿನಿಂದ ಅವನ ಹೆಣವೇ ಆಚೆ ಬರುವುದು. ನನಗೆ ಆ ಮನುಷ್ಯ ಬೇಕಿತ್ತು, ಹೇಳಲು ನಾಚಿಕೆಯೇನಿಲ್ಲ.

ಅತ್ತದ್ದಾಗಿತ್ತು, ಬೈದದ್ದೂ ಆಗಿತ್ತು. ಅವನು ಬಗ್ಗುವುದು ಪಂದ್ಯಕ್ಕೆ ಮಾತ್ರ. ದಾಳದ ಲೋಟ ತಂದು ನಕ್ಷೆಯ ಮೇಲೇ ಕುಕ್ಕಿದೆ.

"ಮೂರಾಟ. ನೀನು ಗೆದ್ರೆ ನನ್ನ ವ್ಯಾನ್ ನಿಂದು, ದರೋಡೆಗೆ ನಾನೇ ಓಡಿಸ್ತೀನಿ. ನಾನು ಗೆದ್ರೆ ದರೋಡೆ ಇಲ್ಲ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ."

"ವ್ಯಾನಿಗೆ ಪೆಟ್ರೋಲ್ ಹಾಕ್ಸಿದ್ದೀರಾ ಯಜಮಾನ್ತಿ?" ಎಂದು ಮಾರ್ಸೋ ನಕ್ಕ.

"ಪಾಪ, ಬೇಡ ಬಿಡು ಸೊಲಾಂಜ್," ಅಂದ ಫಿರ್ಮೆನ್. ಆದರೆ ಕೈ ಆಗಲೇ ಲೋಟದ ಮೇಲಿತ್ತು.

ಮೊದಲ ಆಟ ಅವನದಾಯಿತು. ಎರಡನೆಯದರಲ್ಲಿ ನನಗೆ ನಾಲ್ಕು, ಎರಡು ಬಿದ್ದವು. ಅವನ್ನು ಬದಿಗಿಟ್ಟು ಉಳಿದ ದಾಳ ಎಸೆದೆ. ಒಂದು ಬಿತ್ತು. ನಾಲ್ಕು, ಎರಡು, ಒಂದು. ಈ ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಫಿರ್ಮೆನ್ ದಾಳ ಬಿಟ್ಟು ನನ್ನ ಮುಖ ನೋಡಿದ. "ಬದಿಗಿಟ್ಕೊಂಡೆ ನೀನು. ಯಾವತ್ತೂ ಎತ್ತಿ ಎಸೀತಿದ್ದೆ."

"ಇಷ್ಟು ದಿನ ನಿನ್ನ ವ್ಯಾಪಾರ ಬೇಕಿತ್ತು. ಇವತ್ತು ನೀನು ಬೇಕು."

ಕೊನೆಯ ಆಟಕ್ಕೆ ಅವನು ಮೂರು ದಾಳದಲ್ಲೂ ಆರು ಹಾಕಿದ. ಮಾರ್ಸೋ ಎದ್ದು ಕೋಟು ತೊಟ್ಟೇಬಿಟ್ಟ. ಮೂರು ದಾಳದಲ್ಲೂ ಒಂದು ಬಿದ್ದರೆ ಅದು ಆರುಗಳನ್ನೂ ಸೋಲಿಸುತ್ತದೆ. ನನಗೆ ಎರಡು ದಾಳದಲ್ಲಿ ಒಂದು ಬಿದ್ದಿತ್ತು, ಅವನ್ನು ಇಟ್ಟುಕೊಂಡೆ. ಮೂರನೆಯ ದಾಳ ಉರುಳುರುಳಿ ನಿಂತಿತು. ಅದೂ ಒಂದೇ.

"ಇನ್ನೊಂದಾಟ ಆಡೋಣ, ಅಣ್ಣ," ಎಂದು ಮಾರ್ಸೋ ತೊದಲಿದ.

"ಸೋತಿದ್ದೀನಿ ಕಣೋ. ಮನೆಗೆ ಹೋಗು." ಫಿರ್ಮೆನ್ ಪೊಲೀಸರಿಗೆ ಸುಳ್ಳು ಹೇಳಿಯಾನು, ಪಂದ್ಯಕ್ಕೆ ತಪ್ಪುವವನಲ್ಲ. ನಕ್ಷೆಯನ್ನು ಮುದುರಿ ಅವನೇ ಒಲೆಗೆ ಹಾಕಿದ.

ಸಂಜೆ, ಪೊಲೀಸರು ಅವನನ್ನು ಅಟ್ಟಿಸಿಕೊಂಡು ಓಡಬೇಕಾಗಿದ್ದ ಹೊತ್ತಿನಲ್ಲಿ, ಫಿರ್ಮೆನ್ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕಣ್ಣೀರು ಸುರಿಸುತ್ತಿದ್ದ. ನಾನು ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದೆ.