ಎಲ್ಲರ ಹಣೆಗೂ ಒಂದೇ ನಂಬರು

ಕಿಡಿಗೆ ಮೈಯೆಲ್ಲ ಉರಿದುಹೋಯಿತು. ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಈ ಹುಡುಗಿಗೆ ಆ ಅಡ್ಡಹೆಸರು ಬಿದ್ದದ್ದೇ ಮೂಗಿನ ತುದಿಯ ಕೋಪದಿಂದ. ಆದರೆ ಇವತ್ತಿನ ಉರಿಯೇ ಬೇರೆ. ಸೇತುವೆ ನಕ್ಷೆಗಳ ಫೋಲ್ಡರ್ ಅಳಿಸಿದ್ದು ಅಕ್ಕನೇ ಅಂತ ಮ್ಯಾನೇಜರ್ ತೀರ್ಮಾನ ಮಾಡಿಬಿಟ್ಟಿದ್ದ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮನೆಯಿಂದಲೇ ನಕ್ಷೆ ಬಿಡಿಸುವ ಅಕ್ಕ, ಇಡೀ ಆಫೀಸಿಗೇ ಅಕ್ಕ. ಅವರನ್ನು ಕೆಲಸದಿಂದ ತೆಗೆಯುವುದಂತೆ!

“ವಿಪಿಎನ್‌ನಲ್ಲಿ ಮನೆಯಿಂದ ಒಳಬಂದವರ ನಂಬರ್ ಸರ್ವರಿನಲ್ಲಿ ಬಿದ್ದಿದೆಯಮ್ಮ,” ಅಂದ ಮ್ಯಾನೇಜರ್. “ಮನೆಯಲ್ಲಿ ಕೂತು ಕೆಲಸ ಮಾಡೋದು ಅವಳೊಬ್ಬಳೇ ತಾನೆ?”

“ಫೋಲ್ಡರ್ ಅಳಿಸಿಹೋದ ದಿನ, ಮೊನ್ನೆ, ಬಸ್ ಮುಷ್ಕರ ಸಾರ್! ಆವತ್ತು ಅರ್ಧ ಆಫೀಸು ಮನೆಯಿಂದಲೇ ಕೆಲಸ ಮಾಡ್ತು. ಅವರೆಲ್ಲರದ್ದೂ ಅದೇ ನಂಬರು.”

ವಿಷಯ ಇಷ್ಟೇ. ವಿಪಿಎನ್ ಹಿಡಿದು ಒಳಬರುವವರಿಗೆಲ್ಲ ಬೇರೆ ಬೇರೆ ವಿಳಾಸ, ಅಂದರೆ ಒಂದೊಂದು ನಂಬರು, ಸಿಗುತ್ತಿತ್ತು. ಆದರೆ ಆ ವಿಳಾಸಗಳಿಗೆ ಉತ್ತರ ಕಳಿಸುವ ದಾರಿ ಆಫೀಸಿನ ಸರ್ವರ್‌ಗೆ ಗೊತ್ತಿರಲಿಲ್ಲ. ದಾರಿ ಹಾಕಿಕೊಡ್ತೀನಿ, ಎರಡು ದಿನ ಕೊಡಿ ಅಂತ ಕಿಡಿ ಬಾಯಿ ಬಾಯಿ ಬಡಕೊಂಡಿದ್ದಳು. “ಅಷ್ಟು ದಿನ ಯಾರು ಕಾಯ್ತಾರೆ? ಒಳಬರೋ ಬಾಗಿಲಿನ ಫೈರ್‌ವಾಲ್‌ನಲ್ಲೇ ಎಲ್ಲರನ್ನೂ ಒಂದೇ ವಿಳಾಸಕ್ಕೆ ಬದಲಿಸಿಬಿಡು” ಅಂದವನು ಇದೇ ಮಹಾಶಯ. ಯಾರ ವಿಳಾಸ ಯಾವಾಗ ಬದಲಾಯಿತು ಅನ್ನುವ ದಾಖಲೆ ಸುಮ್ಮನೆ ಜಾಗ ತಿನ್ನುತ್ತೆ ಅಂತ ನಿಲ್ಲಿಸಿದ್ದೂ ಅವನೇ. ಫೋಲ್ಡರಿಗೋ ಎಲ್ಲರಿಗೂ ಒಂದೇ ಪಾಸ್‌ವರ್ಡು.

“ಹಾಗಂತ ಅವಳು ಅಳಿಸಿಲ್ಲ ಅಂತಲೂ ಆಗಲ್ಲವಲ್ಲ?” ಅಂತ ಅವನು ನಕ್ಕ.

“ನೀವು ಅಳಿಸಿಲ್ಲ ಅಂತಲೂ ಆಗಲ್ಲ!” ಕಿಡಿ ಮೇಜಿನ ಮೇಲೆ ಕೈ ಅಪ್ಪಳಿಸಿದಳು. “ವಿಪಿಎನ್ ಯಾಕಿಷ್ಟು ನಿಧಾನ ಅಂತ ಆವತ್ತು ಮನೆಯಿಂದ ಫೋನ್ ಮಾಡಿ ನನ್ನ ತಲೆ ತಿಂದಿದ್ದು ಯಾರು?”

ಅವನ ಮುಖ ಬಿಳಿಚಿಕೊಂಡಿತು. “ಸರಿ ಬಿಡು, ಅವಳು ಕೆಲಸದಲ್ಲೇ ಇರಲಿ. ಇಲ್ಲಿಗೇ ಮುಗಿಸೋಣ,” ಅಂದ.

ಕಿಡಿ ಕುಣಿದಾಡಿಕೊಂಡು ಹೊರಗೆ ಬಂದು ಫೋನ್ ಮಾಡಿದಳು. “ಅಕ್ಕಾ, ನಿಮ್ಮ ಕೆಲಸ ಉಳೀತು!”

“ನಾನಲ್ಲ ಅಂತ ಗೊತ್ತಾಯ್ತೇನೇ?”

“ಯಾರು ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ ಅಕ್ಕಾ.”

ಅಕ್ಕ, “ಹಾಗಾದ್ರೆ ಎಲ್ಲರೂ ಇನ್ಮೇಲೂ ನನ್ನನ್ನ ಅನುಮಾನದಿಂದಲೇ ನೋಡ್ತಾರೆ ಬಿಡು,” ಅಂದು ಫೋನ್ ಇಟ್ಟರು.

ಕಿಡಿ ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು, ನಾಲ್ಕು ಅಕ್ಷರ ಕುಟ್ಟಿದಳು. ಬಾಗಿಲು ತಟ್ಟದೆ ಮ್ಯಾನೇಜರನ ಕೋಣೆಗೆ ನುಗ್ಗಿದಳು.

“ಏಳಿ ಸಾರ್. ಎಲ್ಲರ ಎದುರಿಗೆ ಬಂದು, ಏನೂ ಗೊತ್ತಿಲ್ಲದೆ ಅಕ್ಕನ ಹೆಸರು ಹೇಳಿದೆ ಅನ್ನಿ. ನೀವು ಅನ್ನೋವರೆಗೂ ಒಬ್ಬರಿಗೂ ವಿಪಿಎನ್ ಇಲ್ಲ.”