ತಲೆಕೆಳಗಾದ ಮೊಸಳೆ

"ಆ ಹುಡುಗ ನಿನ್ನ ಮುಟ್ಟಿದ್ನಾ, ಇಲ್ವಾ? ಅಷ್ಟು ಹೇಳು, ಸಾಕು."

ಹಿಸಾಯೊ ಇದನ್ನು ಕೇಳಿದ್ದು ಕೈಕೆಲಸ ನಿಲ್ಲಿಸದೆಯೇ. ರುಬ್ಬಿದ ಮೀನನ್ನು ಅಗಲ ಚಾಕುವಿನಲ್ಲಿ ಎತ್ತಿ, ಪುಟ್ಟ ಮರದ ಹಲಗೆಯ ಮೇಲೆ ಗುಡ್ಡೆ ಮಾಡಿ, ಸವರಿ ನುಣುಪು ಮಾಡಿ ಪಕ್ಕಕ್ಕೆ ತಳ್ಳುವುದು ಅವಳ ಕೆಲಸ. ಆ ಹಲಗೆಗಳನ್ನು ತಟ್ಟೆಯಲ್ಲಿ ಜೋಡಿಸಿ ಹಬೆಪೆಟ್ಟಿಗೆಯೊಳಗೆ ಇಡುವುದು ವಾನಿಬುಚಿಯ ಕೆಲಸ. ಇಬ್ಬರಿಗೂ ಬಿಳಿ ಟೋಪಿ, ಬಿಳಿ ಮಾಸ್ಕು. ಕಣ್ಣು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣುವಂತಿರಲಿಲ್ಲ. ಆ ಕಣ್ಣನ್ನೂ ಅವನು ತಟ್ಟೆಯ ಕಡೆ ಇಳಿಸಿದ.

"ಮುಟ್ಟಿದ," ಅಂದ. "ಕಣಕಾಲಿಗೆ ತಗುಲ್ತು."

"ಹಾಗಾದ್ರೆ ಸರಿ ಬಿಡು," ಅಂದಳು ಹಿಸಾಯೊ. ಇನ್ನೊಂದು ಹಲಗೆ ತಳ್ಳಿದಳು.

ನಮ್ಮ ಶಿಯೊಮಿ ಊರಿನಲ್ಲಿ ಹೇಳಿಕೊಳ್ಳುವಂಥದ್ದು ಎರಡೇ. ಒಂದು, ಕಮಾಬೊಕೊ ಅನ್ನುವ ಈ ಹಬೆಯಲ್ಲಿ ಬೇಯಿಸಿದ ಮೀನು. ಇನ್ನೊಂದು, ಮೂರನೇ ದರ್ಜೆಯ ಫುಟ್‌ಬಾಲ್ ತಂಡ. ವೃತ್ತಿಪರ ಆಟದಲ್ಲಿ ಅದು ಕಟ್ಟಕಡೆಯ ಮೆಟ್ಟಿಲು. ನಮ್ಮವರು ಹನ್ನೊಂದು ವರ್ಷದಿಂದ ಅದರ ಮೇಲೇ ಅಂಡೂರಿ ಕೂತಿದ್ದಾರೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಕೆಲಸ. ಗೋಲ್‌ಕೀಪರು ಅಕ್ಕಿ ಮೂಟೆ ಹೊರುತ್ತಾನೆ, ವಾನಿಬುಚಿ ಮೀನು ಬೇಯಿಸುತ್ತಾನೆ. ಕ್ಲಬ್ಬಿನ ಆಫೀಸಿನಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿ ಕಪ್ಪು ಗಿಪ್ಪು ಏನೂ ಇಲ್ಲ. ಇರುವುದು ನಾಲ್ಕು ವರ್ಷ ಸಾಲಾಗಿ ಸಿಕ್ಕಿದ ಒಂದೇ ಬಗೆಯ ಸರ್ಟಿಫಿಕೇಟು: ಎಲ್ಲರಿಗಿಂತ ಪ್ರಾಮಾಣಿಕವಾಗಿ ಆಡಿದ ತಂಡ ಅಂತ. ಬೇರೆ ಊರಿನವರು ನೋಡಿ ನಗುತ್ತಾರೆ. ನಗಲಿ. ನಮಗೆ ಅದೇ ದೊಡ್ಡದು.

ಹಿಂದಿನ ದಿನ, ಭಾನುವಾರ, ನಡೆದದ್ದು ಇಷ್ಟು. ಇನ್ನೆರಡೇ ಪಂದ್ಯ ಉಳಿದಿದ್ದವು, ನಮ್ಮ ತಂಡ ಪಟ್ಟಿಯ ತಳದಲ್ಲಿತ್ತು. ತಳದಲ್ಲೇ ಉಳಿದರೆ ವೃತ್ತಿಪರ ಆಟದಿಂದಲೇ ಹೊರಕ್ಕೆ. ಎಂಬತ್ತೆಂಟನೇ ನಿಮಿಷದವರೆಗೂ ಎರಡೂ ಕಡೆ ಗೋಲಿಲ್ಲ. ಆಗ ಚೆಂಡು ವಾನಿಬುಚಿಯ ಕಾಲಿಗೆ ಬಂತು. ಅವನಿಗೆ ಮೂವತ್ಮೂರು, ಪ್ರತಿ ಪಂದ್ಯ ಮುಗಿದ ಮೇಲೂ ಮಂಡಿಗೆ ಐಸು ಕಟ್ಟಿಕೊಳ್ಳುವವನು. ಎದುರಾಳಿ ತಂಡದ ಹತ್ತೊಂಬತ್ತರ ಹುಡುಗನೊಬ್ಬ ಅಡ್ಡ ಬಂದು ಕಾಲು ಚಾಚಿದ. ಆ ಕಾಲು ತನಗೆ ತಗುಲುತ್ತದೆ ಎಂದು ವಾನಿಬುಚಿ ಕಾದ. ತಗುಲಲಿಲ್ಲ. ಹುಡುಗ ಕೊನೇ ಗಳಿಗೆಯಲ್ಲಿ ಕಾಲು ಹಿಂದಕ್ಕೆಳೆದುಕೊಂಡಿದ್ದ. ಅಷ್ಟರಲ್ಲಿ ವಾನಿಬುಚಿಯ ಮೈ ಬೀಳಲು ತಯಾರಾಗಿತ್ತು, ಬಿದ್ದೇಬಿಟ್ಟಿತು. ಕಣಕಾಲು ಹಿಡಿದುಕೊಂಡು ಒಂದು ಸುತ್ತು ಉರುಳಿದ ಬೇರೆ. ಉರುಳಬೇಕಾದ ಅಗತ್ಯವೇ ಇರಲಿಲ್ಲ. ಆಮೇಲೆ ನೆನೆದಾಗಲೆಲ್ಲ ಅವನಿಗೆ ಬಿದ್ದದ್ದಕ್ಕಿಂತ ಉರುಳಿದ್ದಕ್ಕೇ ಹೆಚ್ಚು ನಾಚಿಕೆಯಾಗುತ್ತಿತ್ತು.

ರೆಫರಿ ಪೆನಾಲ್ಟಿ ಕೊಟ್ಟ, ಹುಡುಗನಿಗೆ ಕೆಂಪು ಕಾರ್ಡು ತೋರಿಸಿದ. ಹುಡುಗ ರೆಫರಿಯ ಹತ್ತಿರ ಜಗಳಕ್ಕೆ ಹೋಗಲಿಲ್ಲ. ವಾನಿಬುಚಿಯ ಹತ್ತಿರ ಬಂದು, "ನಾನು ಮುಟ್ಲಿಲ್ಲ ಅಲ್ವಾ?" ಅಂದ. ತನಗೇ ಅನುಮಾನ ಬಂದವನ ಹಾಗೆ ಮೆಲ್ಲಗೆ ಕೇಳಿದ. ವಾನಿಬುಚಿ ಹುಲ್ಲು ನೋಡಿದ. ಪೆನಾಲ್ಟಿಯನ್ನು ಅವನೇ ಗೋಲು ಮಾಡಿದ. ತಂಡ ತಳದಿಂದ ಒಂದು ಸ್ಥಾನ ಮೇಲಕ್ಕೆ ಬಂತು.

ಮೂರನೇ ದರ್ಜೆಯಲ್ಲಿ ವಿಡಿಯೋ ನೋಡಿ ತೀರ್ಪು ಬದಲಿಸುವ ಏರ್ಪಾಡಿಲ್ಲ. ಜನರ ಮೊಬೈಲಿನಲ್ಲಿ ಓಡಾಡಿದ ವಿಡಿಯೋದಲ್ಲಿ ಸರಿಯಾಗಿ ಆ ಗಳಿಗೆಗೇ ಬೇರೆ ಆಟಗಾರನ ಬೆನ್ನು ಅಡ್ಡ ಬಂದಿತ್ತು. ನಿಜ ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬನನ್ನು ನಮ್ಮೂರಿನಲ್ಲಿ ಯಾರೂ ಕೇಳುವವರಿರಲಿಲ್ಲ.

ಇನ್ನು ಬ್ಯಾನರಿನ ವಿಷಯ. ನಮ್ಮ ತಂಡದ ಒಬ್ಬೊಬ್ಬನಿಗೂ ಒಂದೊಂದು ಬಟ್ಟೆಯ ಬ್ಯಾನರು ಇದೆ. ಎಲ್ಲವನ್ನೂ ಹೊಲಿದು ಬಣ್ಣ ಬರೆದವಳು ಹಿಸಾಯೊ. ವಾನಿಬುಚಿಯ ಮನೆತನದ ಹೆಸರಿನಲ್ಲಿ 'ವಾನಿ', ಅಂದರೆ ಮೊಸಳೆ, ಇರುವುದರಿಂದ ಅವನಿಗೆ ಮೊಸಳೆಯನ್ನೇ ಬರೆದಳು. ಮೊದಲ ದಿನ ಅವನು, "ಹಿಸಾಯೊ-ಸಾನ್, ಇದು ಅಡುಗೆಮನೆ ಗೋಡೆ ಮೇಲಿರೋ ಹಲ್ಲಿ," ಎಂದು, ಗೌರವದ 'ಸಾನ್' ಬಿಡದೆಯೇ, ರೇಗಿಸಿದ್ದ. "ಹಲ್ಲಿಲ್ಲ, ಅದಕ್ಕೇ ಹಾಗೆ ಕಾಣುತ್ತೆ. ನೀನು ಗೋಲು ಹೊಡಿ, ನಾನು ಹಲ್ಲು ಬರೀತೀನಿ," ಅಂದಿದ್ದಳು ಅವಳು. ಅಂದಿನಿಂದ ಗೋಲಿಗೊಂದು ಹಲ್ಲು.

ನಮ್ಮಲ್ಲಿ ಆಟಗಾರರನ್ನು ಬೈಯುವ ಪದ್ಧತಿಯಿಲ್ಲ. ಒಬ್ಬ ತಂಡದ ಮರ್ಯಾದೆ ತೆಗೆದನೆಂದು ಅನ್ನಿಸಿದರೆ ಅವನ ಬ್ಯಾನರನ್ನು ತಲೆಕೆಳಗಾಗಿ ಕಟ್ಟುತ್ತೇವೆ, ಅಷ್ಟೇ. ಆ ಸೋಮವಾರ ಸಂಜೆ ಓಸರಾಗಿ ಅನ್ನುವ ಕ್ಷೌರದಂಗಡಿಯವನು, ನಮ್ಮ ಬೆಂಬಲಿಗರ ಮುಖಂಡ, ಡೋಲು ಬಾರಿಸುವವನು, ಅದೇ ಆಗಬೇಕೆಂದು ಪಟ್ಟು ಹಿಡಿದ. ಹಿಸಾಯೊ ಅವನ ಅಂಗಡಿಗೇ ಹೋಗಿ ಎದುರು ನಿಂತಳು. ಅಲ್ಲಿ ಏನಾಯಿತೆಂದು ವಾನಿಬುಚಿಗೆ ತಿಳಿದದ್ದು ಗುರುವಾರ.

ಗುರುವಾರ ಅಭ್ಯಾಸ ಮುಗಿಯುತ್ತಿದ್ದ ಹಾಗೆ ಓಸರಾಗಿ ಅಂಗಡಿ ಮುಚ್ಚಿ ಮೈದಾನಕ್ಕೆ ಬಂದಿದ್ದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ.

"ವಾನಿಬುಚಿ-ಸಾನ್, ಒಂದು ನಿಮಿಷ," ಅಂದ. "ನಿಮ್ಮ ಬ್ಯಾನರು ತಲೆಕೆಳಗೆ ಕಟ್ಟಬೇಕು ಅಂತ ಮೊದಲು ಅಂದವನು ನಾನೇ. ಹಿಸಾಯೊ-ಸಾನ್ ಬಂದು ನನ್ನ ಬಾಯಿ ಮುಚ್ಚಿಸಿದ್ರು. 'ಅವನೇ ನನ್ನ ಮುಂದೆ ಹೇಳಿದಾನೆ. ಅದು ಸುಳ್ಳಾದ್ರೆ ನಾನು ಇನ್ಮೇಲೆ ಸ್ಟೇಡಿಯಮ್ಮಿಗೆ ಕಾಲಿಡಲ್ಲ' ಅಂದ್ರು. ಗಂಡ ತೀರಿಹೋದ ವಾರವೂ ಪಂದ್ಯ ತಪ್ಪಿಸದ ಹೆಂಗಸು ಅವರು. ಅಂಥವರೇ ಹಾಗಂದ ಮೇಲೆ ನಾನ್ಯಾರು ಅನುಮಾನ ಪಡೋಕೆ? ತಪ್ಪಾಯ್ತು."

ಹಾಗೆಂದವನೇ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ಎಲ್ಲರ ತಲೆಕೂದಲು ಕತ್ತರಿಸುವ ಮನುಷ್ಯನ ನೆತ್ತಿ ಬೋಳಾಗುತ್ತಿರುವುದು ವಾನಿಬುಚಿಗೆ ಕಂಡದ್ದು ಆಗಲೇ. ತಂಡದ ಹುಡುಗರು ನೀರಿನ ಬಾಟಲಿ ಹಿಡಿದು ನೋಡುತ್ತ ನಿಂತಿದ್ದರು. ಈಗ ಹೇಳಿಬಿಡಬೇಕು ಅಂದುಕೊಂಡ. ಬಾಯಿ ಕೂಡ ತೆರೆದ.

"ಇರಲಿ ಬಿಡಿ, ಓಸರಾಗಿ-ಸಾನ್. ತಲೆ ಎತ್ತಿ," ಅನ್ನುವುದಷ್ಟೇ ಬಂತು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಓಸರಾಗಿ ಆ ಮಾತನ್ನು ದೊಡ್ಡ ಮನಸ್ಸು ಎಂದುಕೊಂಡ. "ಕೂದಲು ಬೆಳೆದಿದೆ, ಶನಿವಾರ ಬನ್ನಿ, ನಾನೇ ಕತ್ತರಿಸ್ತೀನಿ," ಎಂದು ಬೆನ್ನು ತಟ್ಟಿ ಹೋದ. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ವಾನಿಬುಚಿ ಶನಿವಾರ ಹೋದ. ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, ಕನ್ನಡಿಯ ಮುಂದೆ ಮುಕ್ಕಾಲು ಗಂಟೆ ತನ್ನ ಮುಖವನ್ನೇ ನೋಡುತ್ತ ಕೂತಿರಬೇಕಾಯಿತು.

ಕಾರ್ಖಾನೆಯಲ್ಲಿ ಹಿಸಾಯೊ ಮಾತ್ರ ಆ ವಾರವಿಡೀ ಖುಷಿಯಾಗಿದ್ದಳು. ಓಸರಾಗಿಯ ಮುಂದೆ ಇಟ್ಟ ಆಣೆಯ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ತಾನು ತಂದ ಅನ್ನದ ಉಂಡೆಯಲ್ಲಿ ಒಂದನ್ನು ಅವನ ಕಡೆ ತಳ್ಳಿದಳು.

"ಹಲ್ಲು ಬರ್ದಾಯ್ತು," ಅಂದಳು. "ಬಾಯಲ್ಲಿ ಜಾಗ ಇರ್ಲಿಲ್ಲ, ಹಿಂದುಗಡೆ ತುರುಕಿದೀನಿ. ಇನ್ನೊಂದು ಗೋಲು ಹೊಡೆದ್ರೆ ಹಲ್ಲಿನ ಡಾಕ್ಟರ ಹತ್ರಾನೇ ಕರ್ಕೊಂಡು ಹೋಗ್ಬೇಕು ಅಷ್ಟೆ."

ಅವನು ನಕ್ಕ. ಉಂಡೆಯನ್ನು ಅರ್ಧಕ್ಕೇ ಕೆಳಗಿಟ್ಟ. ಹೇಳಿದರೆ ಸ್ಟೇಡಿಯಮ್ಮಿನಲ್ಲಿ ಅವಳ ಜಾಗ ಹೋಗುತ್ತದೆ. ಹೇಳದಿದ್ದರೆ ಅವಳು ಭಾನುವಾರ ಆ ಜಾಗದಲ್ಲಿ ಕೂತು, ಅವನಿಗಾಗಿ ತಲೆಯೆತ್ತಿಕೊಂಡು ಚಪ್ಪಾಳೆ ತಟ್ಟುತ್ತಾಳೆ. ಆ ಮಧ್ಯಾಹ್ನ ಎರಡು ತಟ್ಟೆ ಸೊಟ್ಟಗೆ ಜೋಡಿಸಿ ಮೇಸ್ತ್ರಿಯ ಕೈಲಿ ಬೈಸಿಕೊಂಡ.

ಭಾನುವಾರ ಕೊನೆಯ ಪಂದ್ಯ, ನಮ್ಮೂರಲ್ಲೇ. ಪಂದ್ಯದ ದಿನ ಬೆಂಬಲಿಗರನ್ನು ಎಂಟು ಗಂಟೆಗೇ ಒಳಗೆ ಬಿಡುತ್ತಾರೆ. ಅವರು ಬ್ಯಾನರುಗಳನ್ನು ಕಂಬಿಗೆ ಕಟ್ಟಿ, ಹೊರಗೆ ಡೇರೆಯ ಹತ್ತಿರ ಬಿಸಿ ಸಾರು ಕುಡಿಯಲು ಹೋಗುತ್ತಾರೆ. ವಾನಿಬುಚಿ ಬಂದಾಗ ಗೋಲಿನ ಹಿಂದಿನ ಮೆಟ್ಟಿಲುಗಳು ಖಾಲಿಯಾಗಿದ್ದವು. ಬೂಟು ಹಾಕಿರಲಿಲ್ಲ, ಚಪ್ಪಲಿಯಲ್ಲೇ ಹತ್ತಿದ. ಮೊಸಳೆ ತನ್ನ ಜಾಗದಲ್ಲಿ ನೆಟ್ಟಗಿತ್ತು. ಹಳೆಯ ಹಲ್ಲುಗಳೆಲ್ಲ ಬಿಸಿಲಿಗೆ ಹಳದಿಯಾಗಿದ್ದವು. ತೀರ ಹಿಂದಿನದು ಮಾತ್ರ ಬೆಳ್ಳಗಿತ್ತು.

ನಾಲ್ಕು ಮೂಲೆಗೆ ನಾಲ್ಕು ಗಂಟು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಬಟ್ಟೆಯನ್ನು ತಿರುಗಿಸಿ, ಮೊಸಳೆಯ ಹೊಟ್ಟೆ ಮೇಲೆ ಮಾಡಿ, ತನಗೆ ತಿಳಿದ ಹಾಗೆ ಮತ್ತೆ ಕಟ್ಟಿದ. ಕೊನೆಯ ಗಂಟು ಹಾಕುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹಿಸಾಯೊ ಕಂಕುಳಲ್ಲಿ ಕೂರುವ ದಿಂಬು, ಕೈಯಲ್ಲಿ ಫ್ಲಾಸ್ಕು ಹಿಡಿದು ಬರುತ್ತಿದ್ದಳು. ಹೆಗಲಿಗೆ ಚೀಲ, ಕುತ್ತಿಗೆಯಲ್ಲಿ ತಂಡದ ನೀಲಿ ಟವೆಲು.

"ಏನ್ ಮಾಡ್ತಿದೀಯ, ವಾನಿ?"

"ಮುಟ್ಲಿಲ್ಲ, ಹಿಸಾಯೊ-ಸಾನ್. ಆ ಹುಡುಗ ನನ್ನ ಮುಟ್ಲೇ ಇಲ್ಲ. ನಾನೇ ಬಿದ್ದೆ."

ಅವಳು ಬ್ಯಾನರು ನೋಡಿದಳು. ಅವನನ್ನು ನೋಡಲಿಲ್ಲ.

"ಸೋಮವಾರ ನಾನು ಕೇಳಿದ್ನಲ್ಲ."

"ಹೂಂ."

"ಒಂದೇ ಮಾತು ಕೇಳಿದ್ದು."

"ಹೂಂ." ಅವನು ಗಂಟಿನಿಂದ ಕೈ ತೆಗೆದ. "ನೀವು ಓಸರಾಗಿ-ಸಾನ್ ಮುಂದೆ ಆಡಿದ್ದನ್ನ ನಡೆಸಬೇಕಾಗಿಲ್ಲ. ನಾನು ಈಗಲೇ ಹೋಗಿ ಎಲ್ಲರ ಎದುರು ಹೇಳ್ತೀನಿ. ತಪ್ಪು ನಂದು, ನಿಮ್ದಲ್ಲ. ನೀವು ಕೂತ್ಕೊಳ್ಳಿ."

"ಎಲ್ಲರಿಗೂ ಹೇಳು. ಹೇಳಲೇಬೇಕು," ಅಂದಳು ಹಿಸಾಯೊ. "ನಾನು ಕೂರಬೇಕೋ ಬೇಡವೋ ಅನ್ನೋದನ್ನ ಮಾತ್ರ ನೀನು ಹೇಳಬೇಡ."

ದಿಂಬು, ಫ್ಲಾಸ್ಕು ಕೆಳಗಿಟ್ಟು ಕಂಬಿಯ ಹತ್ತಿರ ಬಂದಳು. ಅವನು ಕಟ್ಟಿದ್ದ ಗಂಟೊಂದನ್ನು ಬೆರಳಲ್ಲಿ ಎಳೆದಳು. ಸಡಿಲವಾಗಿ ಕೈಗೆ ಬಂತು. ಬಿಚ್ಚಿ ಮತ್ತೆ ನೆಟ್ಟಗೆ ಕಟ್ಟುತ್ತಾಳೇನೋ ಎಂದು ಒಂದು ಕ್ಷಣ ಅವನಿಗೆ ಆಸೆಯಾಯಿತು. ಆ ಆಸೆಗೂ ನಾಚಿಕೆಯಾಯಿತು.

"ಹೀಗಾ ಗಂಟು ಹಾಕೋದು?" ಅಂದಳು. "ಸಮುದ್ರದ ಗಾಳಿ ಬಂದ್ರೆ ಅರ್ಧ ಗಂಟೆ ನಿಲ್ಲಲ್ಲ."

ನಾಲ್ಕೂ ಮೂಲೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು, ಒಂದೊಂದಾಗಿ ಕಟ್ಟಿದಳು. ಮೊಸಳೆ ಅವನು ಇಟ್ಟ ಹಾಗೇ ಇತ್ತು, ಹೊಟ್ಟೆ ಮೇಲಾಗಿ. ಉಪ್ಪುನೀರಿಗೆ ಒಡೆದ ಬೆರಳುಗಳಲ್ಲಿ ದಾರ ಸುತ್ತಿ, ಎರಡು ಸಲ ಎಳೆದು, ಬಿಗಿಯಾಯಿತೇ ಎಂದು ನೋಡಿಕೊಂಡೇ ಮುಂದಿನದಕ್ಕೆ ಹೋಗುತ್ತಿದ್ದಳು. ಕೊನೆಯದು ಮುಗಿದ ಮೇಲೆ ಕುತ್ತಿಗೆಯ ಟವೆಲು ತೆಗೆದು, ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಹಾಕಿದಳು. ದಿಂಬು ಕಂಕುಳಿಗೆ ಸೇರಿಸಿ ಫ್ಲಾಸ್ಕು ಎತ್ತಿಕೊಂಡಳು.

"ಹೋಗು, ಬೂಟು ಹಾಕ್ಕೋ," ಅಂದಳು. "ಆಟ ಇದೆ."

ವಾನಿಬುಚಿ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೊರಗೇಟಿನ ಕಡೆ ಹೋಗುವ ಅವಳ ಹೆಜ್ಜೆ ಕೇಳಿಸುತ್ತಿತ್ತು. ಕೇಳಿಸುವುದು ನಿಂತ ಮೇಲೂ ಅವನು ಹಾಗೇ ಇದ್ದ. ತಲೆ ಎತ್ತಿದಾಗ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಸಮುದ್ರದ ಕಡೆಯಿಂದ ಗಾಳಿ ಎದ್ದು, ಕಂಬಿಯುದ್ದಕ್ಕೂ ಉಳಿದವರ ಬ್ಯಾನರುಗಳು ಪಟಪಟ ಹೊಡೆದುಕೊಳ್ಳತೊಡಗಿದವು. ಮೊಸಳೆಯದು ಮಾತ್ರ ಅಲುಗಲಿಲ್ಲ, ನಾಲ್ಕು ಮೂಲೆಯೂ ಬಿಗಿಯಾಗಿತ್ತು.