ಸೂಪಿನಲ್ಲಿ ಬಚ್ಚಿಟ್ಟ ತರಕಾರಿ

ನನ್ನ ಗಂಡ ಮಾಂಸದಂಗಡಿಯವನು. ಒಮ್ಮೆ ಹೃದಯ ಕೈಕೊಟ್ಟ ಮೇಲೆ, ಕೊಬ್ಬು ಬಿಟ್ಟು ತರಕಾರಿ ತಿನ್ನಬೇಕೆಂದು ಡಾಕ್ಟರು ಹೇಳಿದರು.

"ಸೊಪ್ಪು ತಿನ್ನೋಕೆ ನಾನೇನು ಮೇಕೆನಾ?" ಎಂದ ಮಹಾರಾಯ.

ಅಂದಿನಿಂದ ಸಿಹಿಗುಂಬಳ, ಕ್ಯಾರೆಟ್, ಪಾಲಕ್ ಬೇಯಿಸಿ, ನಾಲಗೆಗೆ ನಾರೂ ಸಿಗದಂತೆ ರುಬ್ಬಿ, ಕೊಬ್ಬು ತೆಗೆದ ಮೂಳೆ ಸೂಪಿಗೆ ಬೆರೆಸತೊಡಗಿದೆ. ಬಣ್ಣ ಮರೆಸಲು ಈರುಳ್ಳಿಯನ್ನು ಕಪ್ಪಗೆ ಹುರಿದು ಹಾಕುತ್ತಿದ್ದೆ. ದಿನವೂ ಮೂಗು ಮುರಿಯುತ್ತಲೇ ಕುಡಿದ.

ವರ್ಷ ಕಳೆಯಿತು. ಇವತ್ತು ಡಾಕ್ಟರು ರಕ್ತಪರೀಕ್ಷೆಯ ವರದಿ ನೋಡಿ ಹುಬ್ಬೇರಿಸಿದರು. "ಭೇಷ್! ತರಕಾರಿ ಚೆನ್ನಾಗಿ ತಿಂತಿದೀರಿ."

ಗಂಡ ಎದೆ ತಟ್ಟಿಕೊಂಡ. "ಒಂದೆಲೆ ಮುಟ್ಟಿಲ್ಲ ಸಾರ್. ಇದು ನಮ್ಮಪ್ಪ ಕೊಟ್ಟ ಮೈ. ಇವಳ ಕೈಯಡುಗೆ ತಿಂದೂ ಬದುಕಿದೀನಿ ಅಂದ್ರೆ ನೋಡಿ!"

ಡಾಕ್ಟರೂ ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಸಂಜೆ ನಾನು ಮಿಕ್ಸಿ ಮುಟ್ಟಲಿಲ್ಲ. ಅವನಂಗಡಿಯ ಮೂಳೆಯನ್ನಷ್ಟೇ ಬೇಯಿಸಿ, ಕೊಬ್ಬು ತೇಲುತ್ತಿದ್ದ ಸೂಪನ್ನು ಹಾಗೇ ಮುಂದಿಟ್ಟೆ. ಬಟ್ಟಲು ಬಳಿದು ನೆಕ್ಕಿದ. ಮದುವೆಯಾದಾಗಿನಿಂದ ನಾನು ಕೇಳದ ಮಾತು ಅವನ ಬಾಯಿಂದ ಬಂತು.

"ಅಬ್ಬಾ, ಕೊನೆಗೂ ಅಡುಗೆ ಕಲಿತೆ ಕಣೇ!"

ಇನ್ನೊಂದು ಸೌಟು ಬಡಿಸಿದೆ.